ದಾರ ಕಟ್ಟಿದ ಜಾಗ

ನೀಲಿಯ ಡ್ರಮ್ಮಿಗೆ ಕೈ ಇಳಿಸುವ ಮುಂಚೆ ಸ್ಪಂದನಾ ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸ್ ಹಾಕಿಕೊಳ್ಳುತ್ತಿದ್ದಳು. ಅದನ್ನು ಬಿಚ್ಚಿಸಿದವಳು ನಾನು, ಅವಳ ತಾಯಿ.

ಹೊಳೆನರಸೀಪುರದ ನಮ್ಮ ಮನೆಯ ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಪಕ್ಕಕ್ಕೆ ಆ ಡ್ರಮ್ಮು ಇದೆ. ಒಳಗೆ ನೀಲಿ ಗಿಡದ ಪುಡಿ, ಸುಣ್ಣ, ಬೆಲ್ಲ. ಬರೀ ನೀರಿಗೆ ಹಾಕಿದರೆ ನೀಲಿ ಕರಗುವುದಿಲ್ಲ. ಸುಣ್ಣ ಬೆಲ್ಲದ ಜೊತೆ ಎರಡು ದಿನ ಮುಚ್ಚಿಟ್ಟರೆ ಕರಗಿ ಹಸಿರು ತಿರುಗುತ್ತದೆ, ಮೇಲೆ ತಾಮ್ರದ ಬಣ್ಣದ ಕೆನೆ ಕಟ್ಟುತ್ತದೆ. ಅದರಲ್ಲಿ ಅದ್ದಿ ತೆಗೆದ ಬಟ್ಟೆ ಮೊದಲು ಬಾಳೆಯ ಸುಳಿಯ ಹಾಗೆ ಎಳೆಹಸಿರು. ಗಾಳಿ ತಾಗುತ್ತಿದ್ದಂತೆ ನೋಡನೋಡುತ್ತಲೇ ನೀಲಿಯಾಗುತ್ತದೆ. ವಾಸನೆಯೊಂದು ಮಾತ್ರ ಸಹಿಸಬೇಕು. ಪಕ್ಕದ ಮನೆಯವಳು ಕಾಂಪೌಂಡಿನ ಮೇಲಿಂದ, "ನೇತ್ರಕ್ಕಾ, ಇಲಿಗಿಲಿ ಸತ್ತದೇನೋ ನೋಡಿ" ಎಂದು ಎಷ್ಟು ಸಲ ಕೂಗಿದ್ದಾಳೋ.

ಸ್ಪಂದನಾ ಬಿ.ಕಾಂ. ಮುಗಿಸಿ ಒಂದು ವರ್ಷ ಹಾಸನದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ ಹಾಕುತ್ತಿದ್ದಳು. ದಿನಾ ಬಸ್ಸಿನಲ್ಲಿ ಹೋಗಿ ಬರುವಾಗ ಮೊಬೈಲಿನಲ್ಲಿ ನೋಡಿ ಈ ಕೆಲಸ ಕಲಿತಳು. ಜಪಾನಿನವರು ಇದಕ್ಕೆ ಶಿಬೋರಿ ಎನ್ನುತ್ತಾರಂತೆ. ಬಿಳಿ ಮಲ್ ಎಂಬ ತೆಳು ಹತ್ತಿ ಬಟ್ಟೆಯನ್ನು ಮಡಿಸಿ, ಸುತ್ತಿ, ದಾರದಿಂದ ಬಿಗಿಯಾಗಿ ಕಟ್ಟಿ ಅದ್ದುವುದು. ದಾರ ಬಿಗಿದ ಜಾಗಕ್ಕೆ ಬಣ್ಣ ಹೋಗುವುದಿಲ್ಲ. ಬಿಚ್ಚಿದಾಗ ಅಲ್ಲಿ ಬಿಳಿ ಉಳಿದಿರುತ್ತದೆ. ಅವರಲ್ಲಿ ಏನು ಇಟ್ಟು ಕಟ್ಟುತ್ತಾರೋ, ನನ್ನ ಮಗಳು ಅವರೆಕಾಳು ಇಟ್ಟು ಕಟ್ಟುತ್ತಿದ್ದಳು. ಒಂದೊಂದು ಕಾಳಿನ ಸುತ್ತ ಒಂದೊಂದು ಬಿಳಿಯ ಉಂಗುರ. ಮೊದಲನೇ ದುಪ್ಪಟ್ಟಾ ಬಿಚ್ಚಿ ಹಗ್ಗದ ಮೇಲೆ ಹರವಿದ ದಿನ ಅವಳ ಅಪ್ಪ, ಮಾತೇ ಆಡದ ಮಂಜುನಾಥ, ಶಾಲೆಯ ಗುಮಾಸ್ತಗಿರಿ ಮುಗಿಸಿ ಬಂದವರು, ಸೈಕಲ್ ಹಿಡಿದುಕೊಂಡೇ ನಿಂತು ಬಹಳ ಹೊತ್ತು ನೋಡಿದ್ದರು. ಹಾಸನದ ಅಂಗಡಿಯವರೇ ತರಿಸಿಕೊಳ್ಳಲು ಶುರುಮಾಡಿದ ಮೇಲೆ ಅವಳು ಬಿಲ್ ಹಾಕುವ ಕೆಲಸ ಬಿಟ್ಟಳು.

ದಸರಾದ ಹೊತ್ತಿಗೆ ಒಂದು ಬೆಳಿಗ್ಗೆ ನಾನು ದೋಸೆ ಹಾಕುತ್ತಿದ್ದೆ. ಅವಳು ಎಡಗೈ ಉಂಗುರದ ಬೆರಳನ್ನು ನನ್ನ ಮುಖದ ಹತ್ತಿರ ತಂದಳು.

"ಅಮ್ಮ, ನೋಡಿಲ್ಲಿ. ನಂಗೂ ಯಾರೋ ದಾರ ಕಟ್ಟಿ ಅದ್ದವ್ರೆ."

ಗೆಣ್ಣಿನ ಮೇಲೆ ಅವರೆಕಾಳಿನಷ್ಟು ಬಿಳಿ. ಅವಳು ನಗುತ್ತಿದ್ದಳು. ನಾನು ಆ ಬೆರಳನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದೆ. ಕಾವಲಿಯ ಮೇಲೆ ದೋಸೆ ಸೀದುಹೋಯಿತು.

ಹಾಸನದ ಚರ್ಮದ ಡಾಕ್ಟರು ಒಳ್ಳೆಯವರು. ನಿಧಾನವಾಗಿ ಹೇಳಿದರು. ಇದು ಅಂಟುವ ಕಾಯಿಲೆಯಲ್ಲ, ಯಾರ ತಪ್ಪೂ ಅಲ್ಲ. ಮುಲಾಮು ಹಚ್ಚಿ, ಬೆಳಗಿನ ಬಿಸಿಲು ತೋರಿಸಿ. ಕೆಲವರಿಗೆ ಅಲ್ಲಿಗೇ ನಿಲ್ಲುತ್ತದೆ. ಒಂದು ಮಾತನ್ನು ಎರಡು ಸಲ ಹೇಳಿದರು: ಚರ್ಮಕ್ಕೆ ಗಾಯವಾಗಬಾರದು, ಸುಡಬಾರದು, ಸುಣ್ಣಗಿಣ್ಣ ತಾಗಲೇಬಾರದು, ಗಾಯವಾದ ಕಡೆಯೇ ಹೊಸದು ಏಳುತ್ತದೆ. "ಗ್ಲೌಸ್ ಇಲ್ದೆ ಕೆಲ್ಸ ಮಾಡ್ಬೇಡಮ್ಮ." ಸ್ಪಂದನಾ ತಲೆಯಾಡಿಸಿದಳು. ನಾನೂ ಆಡಿಸಿದೆ.

ವಾಪಸ್ ಬರುವ ಬಸ್ಸಿನಲ್ಲಿ ಅವಳ ಕೈಯನ್ನು ನನ್ನ ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದೆ. "ನಿಮ್ಮಪ್ಪಂಗೂ ಹೇಳೋದು ಬೇಡ" ಎಂದೆ. ಆ ಬಿಳಿ ಮಚ್ಚೆಗೊಂದು ಹೆಸರಿದೆ. ನಮ್ಮ ಕಡೆ ಆ ಹೆಸರು ಮನುಷ್ಯರಿಗಷ್ಟೇ ಅಲ್ಲ, ಮನೆಗೂ ಅಂಟುತ್ತದೆ, ಬೀದಿಯಲ್ಲಿ ದಾರಿ ಹೇಳುವಾಗ ಗುರುತಿಗೆ ಬಳಸುತ್ತಾರೆ. ಆ ಪದವನ್ನು ನಾನು ಬಾಯಲ್ಲಿ ಆಡಿರಲಿಲ್ಲ. ಅವಳ ಮದುವೆಯಾಗುವವರೆಗೆ ಯಾರೂ ಆಡಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು.

ದೀಪಾವಳಿ ಕಳೆದ ಮೇಲೆ ಕೊಣನೂರಿನಿಂದ ನಂಜಯ್ಯ ಮಾವ ಫೋನ್ ಮಾಡಿದರು. ನಮ್ಮಮ್ಮನ ತಮ್ಮ. ಮೂರು ತಾಲ್ಲೂಕಿನ ಗಂಡುಹೆಣ್ಣಿನ ಜಾತಕ ಅವರ ಜೇಬಿನಲ್ಲಿರುತ್ತದೆ.

"ಚನ್ರಾಯಪಟ್ಣದೋರು ಕಣವ್ವ. ಹುಡ್ಗ ಹರ್ಷವರ್ಧನ ಅಂತ, ಒಬ್ನೇ ಮಗ. ಗೊಬ್ರದ ಅಂಗ್ಡಿ ಐತೆ, ತ್ವಾಟ ಐತೆ. ಹುಡ್ಗಿ ಲಕ್ಷಣ್ವಾಗಿದ್ರೆ ಸಾಕು, ಇನ್ನೇನೂ ಕೇಳಕಿಲ್ಲ ಅಂದವ್ರೆ. ಬಾನ್ವಾರ ಕರ್ಕಬತ್ತೀನಿ, ಏನಂತೀಯ?"

ಲಕ್ಷಣವಾಗಿದ್ದರೆ ಸಾಕು. ನಾನು ಆಯಿತು ಎಂದೆ.

ಆ ವಾರ ಗ್ಲೌಸಿನ ತುದಿ ಹರಿದು ಅವಳ ಎರಡು ಬೆರಳು ನೀಲಿಯಾಗಿದ್ದವು. ಅದರಲ್ಲಿ ಒಂದು ಆ ಬೆರಳು. ಶನಿವಾರ ತಲೆ ಬಾಚುವಾಗ ಕಣ್ಣಿಗೆ ಬಿತ್ತು. ಎಷ್ಟು ಹುಡುಕಿದರೂ ಮಚ್ಚೆ ಕಾಣಲಿಲ್ಲ. ನೀಲಿ ಅದನ್ನು ನುಂಗಿತ್ತು.

"ಗ್ಲೌಸ್ ತೆಗ್ದು ಒಂದ್ಸಲ ಎರಡೂ ಕೈ ಅದ್ದು" ಎಂದೆ.

"ಸುಣ್ಣ ಅಮ್ಮ ಅದು. ಡಾಕ್ಟ್ರು ಹೇಳಿದ್ದು ಕೇಳಿಸ್ಲಿಲ್ವಾ ನಿಂಗೆ?"

"ಒಂದೇ ಸಲ ಕಣೆ. ನಾಳೆ ಒಂದು ದಿನ ಕಳೀಲಿ. ಐದು ನಿಮಿಷ, ನಾನು ಎಣಿಸ್ತೀನಿ."

ಎಣಿಸುವುದು ನಮ್ಮಿಬ್ಬರ ಹಳೆಯ ಆಟ. ಚಿಕ್ಕವಳಿದ್ದಾಗ ಸೂಜಿ ಚುಚ್ಚಿಸಲು ಕರೆದುಕೊಂಡು ಹೋದರೆ ಅವಳ ಕಣ್ಣು ಮುಚ್ಚಿ, "ಹತ್ತರವರೆಗೆ ಎಣಿಸ್ತೀನಿ, ಅಷ್ಟರಲ್ಲಿ ನೋವು ಮನೆಗೆ ಹೋಗಿರುತ್ತೆ" ಎನ್ನುತ್ತಿದ್ದೆ. ಮುಳ್ಳು ತೆಗೆಯುವಾಗ ಇಪ್ಪತ್ತು. ತಲೆಯ ಸಿಕ್ಕು ಬಿಡಿಸುವಾಗ ಐವತ್ತು. ನಾನು ಎಣಿಸಿದರೆ ಅವಳು ಅಳುತ್ತಿರಲಿಲ್ಲ.

ಮುನ್ನೂರರವರೆಗೆ ಎಣಿಸಿದೆ. ನೂರು ದಾಟಿದ ಮೇಲೆ "ಉರೀತದೆ" ಎಂದಳು. ನಾನು ಸ್ವಲ್ಪ ಬೇಗ ಎಣಿಸಿದೆ. ಹೊರಗೆ ತೆಗೆದಾಗ ಕೈ ಹಸಿರಾಗಿತ್ತು, ಅವಳು ಬೆರಳು ಅಗಲಿಸಿ ಗಾಳಿಗೆ ಹಿಡಿದಳು, ನೀಲಿಯಾಯಿತು. ತೊಳೆದು, ಒರೆಸಿ, ಬೆರಳು ಬೆರಳಿಗೂ ಕೊಬ್ಬರಿ ಎಣ್ಣೆ ತಿಕ್ಕಿ, ಬಿಸಿ ಹಾಲು ಕುಡಿಸಿದೆ.

ಭಾನುವಾರ ಹುಡುಗನ ತಾಯಿ ಕಾಮಾಕ್ಷಮ್ಮ ಕಾಫಿ ಲೋಟ ತೆಗೆದುಕೊಳ್ಳುವಾಗ ಕೈ ನೋಡಿದರು. ಮೆಲುಮಾತಿನ ಹೆಂಗಸು.

"ಇದೇನಮ್ಮ ಕೈ ಹಿಂಗೆ?"

"ಬಟ್ಟೆಗೆ ಬಣ್ಣ ಹಾಕ್ತಾಳೆ ಕಣ್ರಮ್ಮ, ಎಷ್ಟ್ ಹೇಳಿದ್ರೂ ಗ್ಲೌಸ್ ಹಾಕ್ಕೊಳ್ಳಲ್ಲ" ಎಂದೆ ನಾನು. ಸ್ಪಂದನಾ ನನ್ನ ಕಡೆ ನೋಡಿದಳು.

"ಪರ್ವಾಗಿಲ್ಲ ಬಿಡಿ. ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ."

"ಕೈ ನೀಲಿಯಾದ್ರೆ ಏನಂತಮ್ಮ?" ಎಂದ ಹರ್ಷವರ್ಧನ. ಎಲ್ಲರೂ ನಕ್ಕರು. ಅವನು ಒಳ್ಳೆಯ ಹುಡುಗನ ಹಾಗೆಯೇ ಇದ್ದ. ಹಿತ್ತಿಲಿಗೆ ಬಂದು ಡ್ರಮ್ಮು ನೋಡಿದ, ಮೂಗು ಮುಚ್ಚಿಕೊಳ್ಳಲಿಲ್ಲ. ಅವಳು ಗಂಟೊಂದನ್ನು ಬಿಚ್ಚಿ ತೋರಿಸಿದಾಗ ಅವರೆಕಾಳುಗಳು ಪಟಪಟ ಉದುರಿದವು, ಅವನು ಬಗ್ಗಿ ಒಂದೊಂದನ್ನೂ ಆಯ್ದು ಅವಳ ಅಂಗೈಗೆ ಹಾಕಿದ.

ಮಾತು ಕೂಡಿತು. ಧನುರ್ಮಾಸ ಅಡ್ಡ ಬಂದದ್ದರಿಂದ ಸಂಕ್ರಾಂತಿ ಕಳೆದ ಮೇಲೆ ನಿಶ್ಚಿತಾರ್ಥ ಎಂದಾಯಿತು. ಎರಡು ತಿಂಗಳು. ನಾನು ಒಂದು ದಿನ ಎಂದು ಲೆಕ್ಕ ಹಾಕಿದ್ದೆ.

ಅವನು ವಾರಕ್ಕೊಮ್ಮೆ ಏನಾದರೂ ನೆಪ ಮಾಡಿಕೊಂಡು ಬರುತ್ತಿದ್ದ. ಕಾಮಾಕ್ಷಮ್ಮ ವಿಡಿಯೋ ಕಾಲ್ ಮಾಡಿ ಬಳೆಯ ಅಳತೆ ಕೇಳುತ್ತಿದ್ದರು. ಹೀಗಾಗಿ ಪ್ರತಿ ಶನಿವಾರ ಅದ್ದಿಸಿದೆ. ಮೊದಮೊದಲು ಹೇಳಬೇಕಾಗುತ್ತಿತ್ತು. ಆಮೇಲಾಮೇಲೆ ನಾನು ಟವೆಲ್ ಹಿಡಿದು ಹಿತ್ತಿಲ ಬಾಗಿಲಿಗೆ ಬಂದರೆ ಸಾಕು, ಅವಳೇ ತೋಳು ಮಡಿಸಿಕೊಳ್ಳುತ್ತಿದ್ದಳು. ಬೆರಳ ಸಂದಿಯಲ್ಲಿ ಚರ್ಮ ಬಿರಿಯಿತು. ಬಿರಿದದ್ದು ಆರಿದ ಕಡೆಯೆಲ್ಲ ಬಿಳಿಯಾಗಿ ಎದ್ದಿತು. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಮೂರು ಬೆರಳು ಪೂರ್ತಿ, ಮುಂಗೈ ಮೇಲೆ ಅಂಗೈಯಷ್ಟು. ಬಲಗೈಯಲ್ಲೂ ಶುರುವಾಗಿತ್ತು. ಎಷ್ಟು ಹರಡಿತೋ ಅಷ್ಟು ನೀಲಿ ಬೇಕಾಗುತ್ತಿತ್ತು, ಎಷ್ಟು ನೀಲಿ ಹಾಕಿದೆವೋ ಅಷ್ಟು ಹರಡುತ್ತಿತ್ತು. ನನಗೆ ಗೊತ್ತಾಗುತ್ತಿರಲಿಲ್ಲ ಎಂದರೆ ಸುಳ್ಳು. ರಾತ್ರಿ ಎಣ್ಣೆ ಹಚ್ಚುವವಳು ನಾನೇ.

"ಹರ್ಷಂಗೆ ಹೇಳ್ಬಿಡ್ತೀನಿ ಅಮ್ಮ" ಎಂದಳು ಒಂದು ದಿನ. "ಅವ್ನು ಅಂಥೋನಲ್ಲ."

ಅವಳ ಕೈ ಹಿಡಿದು ನನ್ನ ನೆತ್ತಿಯ ಮೇಲೆ ಇಟ್ಟುಕೊಂಡೆ. "ನನ್ನಾಣೆ. ತಾಳಿ ಬೀಳೋಕ್ ಮುಂಚೆ ಹೇಳಿದ್ರೆ ನಾನು ಸತ್ತಂಗೆ."

ಅವಳು ಕೈ ತೆಗೆದುಕೊಂಡಳು. ಆಮೇಲೆ ಆ ಮಾತು ಎತ್ತಲಿಲ್ಲ. ನಿಶ್ಚಿತಾರ್ಥಕ್ಕೆ ಬರುವ ಹೆಂಗಸರಿಗೆ ತಾಂಬೂಲದ ಜೊತೆ ಕೊಡಲು ರವಿಕೆ ಕಣಗಳನ್ನು ಅಂಗಡಿಯಿಂದ ತರುವುದು ಬೇಡ, ತಾನೇ ಮಾಡುತ್ತೇನೆ ಎಂದಳು. ಎಪ್ಪತ್ತೈದು ಕಣ. ಒಂದರ ಹಾಗೆ ಇನ್ನೊಂದಿಲ್ಲ. ಸಂಜೆ ಹೊತ್ತು ನಾನು ಹಿತಕಿದ ಅವರೆಗೆ ಕಾಳು ಹಿತುಕುತ್ತ ಕೂತರೆ ಅವಳು ಎದುರಿಗೆ ಕೂತು ಒಣಗಿದ ಕಾಳು ಕಟ್ಟುತ್ತಿದ್ದಳು. ಕೊನೆಯ ಕಣದ ಗಂಟು ಬಿಚ್ಚಿ ನನ್ನ ಹೆಗಲ ಮೇಲೆ ಹಾಕಿ, "ನೇತ್ರಮ್ಮನವರಿಗೆ ಮೊದಲ ತಾಂಬೂಲ" ಎಂದು ನಗಾಡಿದಳು.

ನಿಶ್ಚಿತಾರ್ಥ ನಮ್ಮೂರಿನದೇ ಸಣ್ಣ ಛತ್ರದಲ್ಲಿ. ಹಿಂದಿನ ದಿನ ಎರಡು ಸಲ ಅದ್ದಿಸಿದ್ದೆ. ಗಂಡಿನವರು ಎರಡು ಟೆಂಪೋ ಟ್ರಾವೆಲರ್‌ನಲ್ಲಿ ಬಂದರು. ಸೀರೆ ಕೊಟ್ಟು ಉಡಿಸಿಕೊಂಡು ಬಂದು ಹಸೆಯ ಮೇಲೆ ಕೂರಿಸಿದರು. ಮಾವಿನ ಚಿಗುರಿನ ಬಣ್ಣದ ರೇಷ್ಮೆ. ನೀಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅವಳು ಕೂತಿದ್ದಳು. ಚೆಂದ ಕಾಣುತ್ತಿದ್ದಳು. ಹುಡುಗನ ಅಜ್ಜಿ, ಎಂಬತ್ತರ ದೊಡ್ಡತಾಯಮ್ಮ, ಬಳೆ ತೊಡಿಸಬೇಕು. ನಮ್ಮಲ್ಲಿ ಬರಿಗೈಗೆ ಬಳೆ ಇಡುವುದಿಲ್ಲ. ಮೊದಲು ಅಂಗೈ ಮುಂಗೈಗೆ ಅರಿಶಿನ ಹಚ್ಚಬೇಕು. ನೂರು ಮದುವೆ ನೋಡಿದ ನನಗೆ ಇದು ಹೊಸದಲ್ಲ. ಆದರೂ ಎರಡು ತಿಂಗಳಲ್ಲಿ ಒಂದು ದಿನವೂ ಹೊಳೆದಿರಲಿಲ್ಲ.

ಅಜ್ಜಿ ಅರಿಶಿನ ಹಚ್ಚಿದರು. ನೀಲಿಯ ಮೇಲೆ ಹಳದಿ ಕೂತು ಕೈ ಹಸಿರಾಯಿತು.

"ಅಯ್ಯೋ, ಗಿಣಿಮರಿ ತಂದ್ಕಂಡ್ರಲ್ಲ ಮನ್ಗೆ!" ಎಂದಳು ಹಿಂದಿನಿಂದ ಯಾರೋ.

"ಅಸಿರು ಬಳೆ ಯಾಕವ್ವ, ಕೈಯೇ ಅಸಿರಾಗೈತಲ್ಲ!"

ಹೆಂಗಸರೆಲ್ಲ ನಕ್ಕರು. ಸ್ಪಂದನಾ ಕೂಡ ನಕ್ಕಳು. ಅಜ್ಜಿ ನಗಲಿಲ್ಲ.

"ನಗ್‌ಬ್ಯಾಡ್ರೇ. ಅರಿಸಿನ ಇಡೀದಿದ್ ಕೈಗೆ ಬಳೆ ಇಕ್ಕದಾ? ಸುಬವಾ ಅದು? ನೇತ್ರವ್ವ, ಒಳಗಿಂದ ಒಂದಿಷ್ಟು ಉಣ್ಸೆಣ್ಣು, ಉಪ್ಪು ತತ್ತಾ. ತೊಳ್ದು ಅಚ್ಚಾನ."

"ಅದು ಗಟ್ಟಿ ಬಣ್ಣ ಅಜ್ಜಿ, ಹೋಗಲ್ಲ" ಎಂದೆ.

"ಕರೀ ಇಡ್ದ ದೀಪದ್ ಕಂಬ ಬೆಳಗಿವ್ನಿ ನಾನು. ಇದ್ಯಾವ ಗಟ್ಟಿ? ಒಂದಿಷ್ಟು ತೆಂಗಿನ್ ನಾರೂ ತತ್ತಾ."

ಅಡುಗೆಮನೆಯಲ್ಲಿ ಸಾರಿಗೆ ಹುಣಸೆಹಣ್ಣು ನೆನೆಸಿದ್ದರು. ಅಲ್ಲಿಗೆ ಹೋಗಿ ಬರುವ ಹತ್ತು ಹೆಜ್ಜೆಯಲ್ಲಿ ನಾನು ಏನು ಬೇಕಾದರೂ ಮಾಡಬಹುದಿತ್ತು. ತಲೆಸುತ್ತು ಬಂದ ಹಾಗೆ ಬೀಳಬಹುದಿತ್ತು. ಮಗಳನ್ನು ಎಬ್ಬಿಸಿ ಕರೆದುಕೊಂಡು ಮನೆಗೆ ಹೋಗಬಹುದಿತ್ತು. ಬೇಡ ಎಂದರೆ ಅನುಮಾನ ಬರುತ್ತದೆ ಎಂದುಕೊಂಡೆ. ಇಷ್ಟು ಅದ್ದಿದ ನೀಲಿ ಹೋಗಲಾರದು ಎಂದುಕೊಂಡೆ. ಹುಣಸೆಹಣ್ಣು, ಕಲ್ಲುಪ್ಪು, ಒಂದು ಹಿಡಿ ನಾರು ಸ್ಟೀಲಿನ ತಟ್ಟೆಯಲ್ಲಿ ಇಟ್ಟು ನಾನೇ ತಂದುಕೊಟ್ಟೆ.

ಅಜ್ಜಿಗೆ ಕಣ್ಣು ಮಂಜು, ಕೈ ಮಾತ್ರ ಗಟ್ಟಿ. ಸ್ಪಂದನಾಳ ಎಡಗೈಯನ್ನು ತಮ್ಮ ಮಂಡಿಯ ಮೇಲೆಳೆದುಕೊಂಡು, ಚೊಂಬು ಬೆಳಗುವ ಹಾಗೆ ಬೆಳಗಿದರು. ಬಿರುಕುಗಳಿಗೆ ಉಪ್ಪು ಇಳಿದಿರಬೇಕು. ಅವಳ ಮೈ ಒಂದು ಸಲ ಬಿಗಿಯಿತು. ಕಣ್ಣು ನನ್ನ ಮೇಲಿತ್ತು, ತುಟಿ ಮೆಲ್ಲಗೆ ಅಲುಗುತ್ತಿತ್ತು. ಎಣಿಸುತ್ತಿದ್ದಳು.

ತಟ್ಟೆಯ ನೀರು ನೀಲಿಯಾಯಿತು.

ಮೊದಲು ಕಂಡದ್ದು ಕಾಮಾಕ್ಷಮ್ಮನಿಗೆ. "ಅತ್ತೆ, ಸಾಕು ಬಿಡಿ."

"ಇರೇ, ಇನ್ನಾ ಐತೆ ನೀಲಿ."

"ಅತ್ತೆ, ಕೈ ಬಿಡಿ."

ಕಾಮಾಕ್ಷಮ್ಮ ಒಂದು ಲೋಟ ನೀರು ಹೊಯ್ದರು. ತಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಸೆರಗಿನಿಂದಲೇ ನನ್ನ ಮಗಳ ಮಣಿಕಟ್ಟು ಎತ್ತಿ ಬೆಳಕಿಗೆ ಹಿಡಿದರು. ಬೆರಳುಗಳು ಬಿಳಿ, ಬಿಳಿಯ ಮೇಲೆ ಉಜ್ಜಿದ ಕೆಂಪು, ಉಗುರ ಬುಡದಲ್ಲಿ ಮಾತ್ರ ನೀಲಿ.

"ಏನ್ ನೇತ್ರಮ್ಮ ಇದು?"

"ಸುಣ್ಣ" ಎಂದೆ. "ಸುಣ್ಣ ಸುಟ್ಟಿದ್ದು."

ದೊಡ್ಡತಾಯಮ್ಮ ಆ ಕೈಯನ್ನು ಕಣ್ಣಿನ ಹತ್ತಿರ ತಂದುಕೊಂಡು ನೋಡಿದರು. ಆಮೇಲೆ ಬಿಸಿ ಕೆಂಡ ಹಿಡಿದವರ ಹಾಗೆ ಬಿಟ್ಟರು.

"ತೊನ್ನು ಕಣೇ ಇದು! ತೊನ್ನು!"

ಅವರು ಎದ್ದು ಹೋಗಿ ಕೈ ತೊಳೆದರು. ಅವರ ಹಿಂದೆ ಕುಂಕುಮ ಇಟ್ಟವಳು ಹೋದಳು, ಹೂ ಮುಡಿಸಿದವಳು ಹೋದಳು, ಸೀರೆ ಉಡಿಸಿದ ಇಬ್ಬರು ಹೋದರು. ಛತ್ರದ ಒಂದೇ ನಲ್ಲಿಯ ಮುಂದೆ ಸಾಲು ನಿಂತಿತು. ಸ್ಪಂದನಾ ಹಸೆಯ ಮೇಲೆ ಕೂತೇ ಇದ್ದಳು, ಒದ್ದೆ ಕೈಯನ್ನು ಸೀರೆಗೆ ತಾಗದ ಹಾಗೆ ಮುಂದಕ್ಕೆ ಚಾಚಿಕೊಂಡು.

"ನಮ್ಮ ಕೊಟ್ಗೇಲೂ ಐತೆ ಕಣವ್ವ ಒಂದು ಮಚ್ಚೆ ಅಸ" ಎಂದರು ಅಜ್ಜಿ, ಕೈ ಒರೆಸಿಕೊಳ್ಳುತ್ತ, ನನ್ನನ್ನೇ ನೋಡುತ್ತ. "ಮಚ್ಚೆ ತೋರ್ಸೇ ಮಾರಿದ್ದ ಆ ದಲ್ಲಾಳಿ. ಬಣ್ಣ ಬಳ್ದಿರ್ಲಿಲ್ಲ."

ಕಾಮಾಕ್ಷಮ್ಮ ಮಗನ ಕಡೆ ತಿರುಗಿದರು. "ನಿಂಗೊತ್ತಿತ್ತೇನೋ?"

ಸ್ಪಂದನಾ ತಲೆ ಎತ್ತಿ ಹರ್ಷವರ್ಧನನನ್ನು ನೋಡಿದಳು. ಅವನು ಅವಳನ್ನು ನೋಡಲಿಲ್ಲ. ತನ್ನ ಹೊಸ ಶರಟಿನ ತೋಳಿನ ಗುಂಡಿ ಹಾಕಿಕೊಂಡ.

"ಇಲ್ಲಮ್ಮ. ನಂಗೇನ್ ಗೊತ್ತು."

ನಮ್ಮವರು ಬೇಡಿಕೊಂಡರು. ನಂಜಯ್ಯ ಮಾವ ಕಾಲಿಗೂ ಬೀಳಹೋದರು. ಕಾಮಾಕ್ಷಮ್ಮ ದನಿ ಏರಿಸಲಿಲ್ಲ, ಬಯ್ಯಲಿಲ್ಲ. ಹೊರಡುವ ಮುಂಚೆ ಸ್ಪಂದನಾಳ ಮುಂದೆ ನಿಂತು, "ನಿನ್ ತಪ್ಪಿಲ್ಲ ಬಿಡು ಮಗಾ. ಬಟ್ಟೆ ಚೆನ್ನಾಗ್ ಮಾಡ್ತೀಯ, ಅದನ್ನೇ ಮಾಡ್ಕೊಂಡಿರು" ಎಂದರು. ಅವಳು ಉಟ್ಟಿದ್ದ ಸೀರೆಯ ಸೆರಗಿಗೆ ಕೈ ಹಾಕಿದಾಗ, "ಅಯ್ಯೋ, ಸೀರೆ ಇಟ್ಕೋ. ಇನ್ಯಾರು ಉಡ್ತಾರೆ ಅದ್ನ" ಎಂದರು.

ಎಲ್ಲರೂ ಹೋದ ಮೇಲೆ ಛತ್ರದಲ್ಲಿ ಕುರ್ಚಿಗಳು ಉಳಿದವು. ತಾಂಬೂಲದ ಚೀಲ ಮೊದಲೇ ಹಂಚಿ ಆಗಿತ್ತು. ತೆಂಗಿನಕಾಯಿ, ಎಲೆ, ಅಡಿಕೆ ತೆಗೆದುಕೊಂಡಿದ್ದರು. ಕಣವನ್ನು ಕುರ್ಚಿಯ ಮೇಲೆ ಬಿಟ್ಟಿದ್ದರು. ಕೆಲವರು ಮಡಿಸಿ ಇಟ್ಟಿದ್ದರು, ಕೆಲವರು ಚೀಲದಿಂದ ಸುರಿದು ಹೋಗಿದ್ದರು. ಗಂಡಿನ ಕಡೆಯವರು ಮಾತ್ರವಲ್ಲ. ಅರಕಲಗೂಡಿನ ನನ್ನ ಸ್ವಂತ ತಂಗಿ ಬಾಗಿಲವರೆಗೆ ಹೋದವಳು ಹಿಂದಿರುಗಿ ಬಂದು ಕಣವನ್ನು ನನ್ನ ಕೈಗೇ ಕೊಟ್ಟಳು. "ಬೇಜಾರ್ ಮಾಡ್ಕೋಬೇಡ ಕಣಕ್ಕ. ಮನೇಲಿ ಎಳೇ ಮಗು ಅದೆ."

ಸ್ಪಂದನಾ ಆ ಸೀರೆಯಲ್ಲೇ ಕುರ್ಚಿಯಿಂದ ಕುರ್ಚಿಗೆ ಹೋಗಿ ಒಂದೊಂದೇ ಎತ್ತಿಕೊಂಡಳು. ಮೂರು ಮಾತ್ರ ಕಡಿಮೆ ಇದ್ದವು. ಯಾರು ತೆಗೆದುಕೊಂಡಿರಬಹುದು ಎಂದು ಬಾಗಿಲ ಕಡೆ ನೋಡುತ್ತ ನಿಂತಿದ್ದಳು. ಆಮೇಲೆ ಛತ್ರದ ಕಸ ಗುಡಿಸುವವಳು ಮೇಜಿನ ಕೆಳಗಿಂದ ಆ ಮೂರನ್ನೂ ತಂದುಕೊಟ್ಟಳು.

ಅವಳ ಅಪ್ಪ ನನ್ನನ್ನು ಒಂದೇ ಮಾತು ಕೇಳಿದರು, "ನಿಂಗೊತ್ತಿತ್ತಾ?" ನಾನು ಹೂಂ ಎಂದೆ. ಅವರು ಕುರ್ಚಿ ಮಡಿಸಲು ಹೋದರು.

ಸಂಜೆ ಸ್ಪಂದನಾ ಮೊಬೈಲನ್ನು ನನ್ನ ತೊಡೆಯ ಮೇಲಿಟ್ಟಳು. ಡಿಸೆಂಬರಿನ ಸಂದೇಶ. ಅವಳು ಎಲ್ಲವನ್ನೂ ಬರೆದಿದ್ದಳು, ಕೈಯ ಫೋಟೋ ಸಮೇತ. ಅವನು ಉತ್ತರ ಕೊಟ್ಟಿದ್ದ: 'ನಂಗೇನೂ ಪರವಾಗಿಲ್ಲ. ಮದುವೆ ಆಗೋವರೆಗೂ ಮನೇಲಿ ಗೊತ್ತಾಗೋದು ಬೇಡ. ನಿಮ್ಮಮ್ಮ ಮಾಡ್ತಿರೋದೇ ಸರಿ.'

"ಅಲ್ಲೇ ಯಾಕೆ ತೋರಿಸ್ಲಿಲ್ಲ ಇದ್ನ?" ಎಂದೆ.

"ತೋರ್ಸಿದ್ರೆ ಅವ್ನು ಸುಳ್ಳ ಅಂತಾಗ್ತಿತ್ತು. ನನ್ ಕೈ ಹಿಂಗೇ ಇರ್ತಿತ್ತು." ಮೊಬೈಲ್ ವಾಪಸ್ ತೆಗೆದುಕೊಂಡಳು. "ಅಮ್ಮ, ಹೇಳಿದ್ರೆ ಸತ್ತಂಗೆ ಅಂದಿದ್ದೆ. ಹೇಳಿ ಒಂದು ತಿಂಗಳಾಯ್ತು. ನೋಡು, ನೀನು ಸಾಯ್ಲಿಲ್ಲ."

ನಾನು ಎಣ್ಣೆ ಬಾಟಲಿ ತಂದೆ. ಕೈ ಕೊಡಲಿಲ್ಲ.

"ಒಂದೇ ಒಂದು ಕೇಳ್ತೀನಿ, ಮಾಡ್ತೀಯಾ? ಇನ್ಮೇಲೆ ಯಾರಾದ್ರೂ ನನ್ ಕೈಗೇನಾಗಿದೆ ಅಂದ್ರೆ ಆ ಅಜ್ಜಿ ಹೇಳಿದ ಪದನೇ ಹೇಳ್ಬೇಕು. ಅವ್ರು ಬಯ್ಯೋಕೆ ಹೇಳಿದ್ರು. ನೀನು ಸುಮ್ನೆ ಹೇಳು, ಜ್ವರ ಅಂದಂಗೆ, ನೆಗಡಿ ಅಂದಂಗೆ. ಮೊದ್ಲು ನಿನ್ ಬಾಯಿಂದ ಬರ್ಬೇಕು. ಆಮೇಲೆ ಯಾರ್ ಬೇಕಾದ್ರೂ ಅಂದ್ಕೊಳ್ಳಿ, ನಾನ್ ತಡ್ಕೋತೀನಿ."

"ಆಯ್ತು" ಎಂದೆ.

"ಹೇಳ್ತೀಯಾ?"

"ಹೇಳ್ತೀನಿ ಕಣೆ."

ಮತ್ತೆ ಹಾಸನದ ಡಾಕ್ಟರ ಹತ್ತಿರ ಹೋದೆವು. ಅವರು ಎರಡೂ ಕೈ ತಿರುಗಿಸಿ ನೋಡಿ ಹಳೆಯ ಚೀಟಿ ನೋಡಿದರು. "ಒಂದೇ ಬೆರಳಲ್ಲಿತ್ತಲ್ಲಮ್ಮ. ಸುಣ್ಣದಲ್ಲಿ ಯಾರು ಇಟ್ರು ಕೈನ?" "ಕೆಲ್ಸದಲ್ಲಿ ತಾಗ್ತು ಸರ್" ಎಂದಳು ಸ್ಪಂದನಾ. ನನ್ನ ಕಡೆ ನೋಡಲಿಲ್ಲ.

ಎಪ್ಪತ್ತೈದು ಕಣಗಳನ್ನೂ ಹಾಸನದ ಅಂಗಡಿಯವರು ಕೊಂಡರು. ಒಂದೇ ವಾರದಲ್ಲಿ ಖಾಲಿಯಾಗಿ, ಇನ್ನೂ ಕಳಿಸಿ ಎಂದರು. ಕೊಂಡವರಿಗೆ ಕೈ ಕಾಣುವುದಿಲ್ಲ. ಅವಳು ಹೊಸ ಗ್ಲೌಸ್ ತಂದಳು. ಬೆಳಗಿನ ಬಿಸಿಲಿಗೆ ಕೈ ಚಾಚಿ ಕೂರುತ್ತಿದ್ದಳು, ಬೀದಿಗೆ ಕಾಣುವ ಮುಂದಿನ ಜಗಲಿಯ ಮೇಲೆಯೇ. ಹಾಲಿನವನು ನೋಡುತ್ತಿದ್ದ, ಹೂವಿನವಳು ನೋಡುತ್ತಿದ್ದಳು. ನಾನು ಒಳಗಿಂದ ಒಂದು ಟವೆಲ್ ತಂದು ಅವಳ ಮಡಿಲಿಗೆ ಹಾಕುತ್ತಿದ್ದೆ, ಬಿಸಿಲು ಜಾಸ್ತಿ ಎಂದು. ಅವಳು ಮಡಿಸಿ ಪಕ್ಕಕ್ಕಿಡುತ್ತಿದ್ದಳು. ಒಂದೆರಡು ಬೆರಳಿನ ಅಂಚಿನಲ್ಲಿ ಸಾಸಿವೆಯಷ್ಟು ಕಂದು ಚುಕ್ಕೆ ಬಂದಿತ್ತು. ಡಾಕ್ಟರು ಅದು ಒಳ್ಳೆಯ ಲಕ್ಷಣ ಎಂದರು.

ಯುಗಾದಿಗೆ ನಾಲ್ಕು ದಿನ ಇತ್ತು. ಬೆಳಿಗ್ಗೆ ಹತ್ತು ಗಂಟೆ. ನಾನು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಹೋಳಿಗೆಗೆ ಬೇಳೆ ಆರಿಸುತ್ತಿದ್ದೆ. ಸ್ಪಂದನಾ ಡ್ರಮ್ಮಿನ ಮುಚ್ಚಳ ತೆಗೆದು ಕೆನೆ ಸರಿಸುತ್ತಿದ್ದಳು. ಫೋನ್ ಬಂತು. ಮಡಿಲಲ್ಲಿ ಮೊರವಿತ್ತು, ಸ್ಪೀಕರ್ ಹಾಕಿ ಮೆಟ್ಟಿಲ ಮೇಲಿಟ್ಟೆ.

"ನೇತ್ರಾ, ನಾನು ಕಣವ್ವ" ಎಂದರು ನಂಜಯ್ಯ ಮಾವ. "ಅರಕಲಗೂಡಿನ್ ಕಡೆ ಒಂದೈತೆ. ಎರಡ್ನೇ ಸಂಬಂದ. ಒಂದು ಮಗ ಐತೆ. ಜನ ಒಳ್ಳೇರು. ಚನ್ರಾಯಪಟ್ಣದ್ ಸುದ್ದಿ ಅವ್ರ ಕಿವಿಗೂ ಬಿದ್ದದೆ. ಕೈಗೇನೋ ಐತಂತಲ್ಲ, ನಿಜವಾ ಅಂತ ಕೇಳ್ತಾವ್ರೆ. ಇಲ್ಲೇ ಕುಂತವ್ರೆ. ಏನಂತ ಏಳ್ಲಿ?"

ಕೆನೆ ಸರಿಸುವ ಕೋಲು ನಿಂತಿತು. ಅವಳು ನನ್ನ ಕಡೆ ತಿರುಗಿದಳು. ಮುಖದಲ್ಲಿ ಕೋಪ ಇರಲಿಲ್ಲ. ಸೂಜಿ ಚುಚ್ಚಿಸಿಕೊಳ್ಳುವ ಮುಂಚೆ ಹೀಗೆಯೇ ನೋಡುತ್ತಿದ್ದಳು.

"ಏನಿಲ್ಲ ಮಾವ" ಎಂದೆ. "ಸುಣ್ಣ ತಾಗಿತ್ತು. ವಾಸಿಯಾಗ್ತಾ ಅದೆ."

ಸ್ಪಂದನಾ ಗ್ಲೌಸ್ ಬಿಚ್ಚಿದಳು. ಒಂದೊಂದು ಬೆರಳನ್ನೂ ನಿಧಾನವಾಗಿ ಎಳೆದು, ಎರಡನ್ನೂ ಒಗೆಯುವ ಕಲ್ಲಿನ ಮೇಲೆ ಜೋಡಿಸಿಟ್ಟಳು. ತೋಳು ಮಡಿಸಿಕೊಂಡು ಎರಡೂ ಕೈಗಳನ್ನು ಮೊಣಕೈ ಮುಳುಗುವವರೆಗೆ ಡ್ರಮ್ಮಿಗೆ ಇಳಿಸಿದಳು.

"ಎಣ್ಸಮ್ಮ" ಎಂದಳು.

ಮೊರ ಬಿತ್ತು. ಓಡಿ ಹೋಗಿ ಭುಜ ಹಿಡಿದು ಎಳೆದೆ. ಅವಳು ಡ್ರಮ್ಮಿನ ಅಂಚಿಗೆ ಎದೆ ಒತ್ತಿ ನಿಂತಿದ್ದಳು, ಅಲುಗಲಿಲ್ಲ. ಇನ್ನೂ ಎಳೆದರೆ ಡ್ರಮ್ಮೇ ಅವಳ ಮೇಲೆ ಮಗುಚುತ್ತದೆ.

"ತೆಗಿ ಪುಟ್ಟಿ, ದಮ್ಮಯ್ಯ. ಈಗ ತಾನೆ ವಾಸಿ ಆಗ್ತಾ ಇತ್ತು."

"ಅವ್ರಿಗೆ ಹೇಳು, ತೆಗೀತೀನಿ. ಎಣಿಸಲ್ವಾ? ಹೋಗ್ಲಿ, ನಾನೇ ಎಣಿಸ್ತೀನಿ. ಒಂದು. ಎರಡು. ಮೂರು."

"ನೇತ್ರಾ?" ಮೆಟ್ಟಿಲ ಮೇಲಿಂದ ಮಾವನ ದನಿ. "ಅಲೋ? ಇದೀಯೇನವ್ವ?"

ಫೋನ್ ಎತ್ತಿಕೊಂಡೆ. ಎರಡೇ ಅಕ್ಷರದ ಪದ. ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದ ತಾರಸಿಯ ಮೇಲೆ ಆ ಮನೆಯವಳು ಸಂಡಿಗೆ ಇಡುತ್ತಿದ್ದಳು. ಕೈ ನಿಲ್ಲಿಸಿ ನಮ್ಮ ಕಡೆಗೇ ನೋಡುತ್ತಿದ್ದಳು. ನಾನು ಬಾಯಿ ತೆರೆದೆ. ಮುಚ್ಚಿದೆ. ಮಗಳು ಎಣಿಸುತ್ತಲೇ ಇದ್ದಳು, ನಾನು ಅವಳಿಗೆ ಕಲಿಸಿದ ಅದೇ ರಾಗದಲ್ಲಿ, ಹತ್ತಕ್ಕೊಂದು ಸಲ ಉಸಿರು ತೆಗೆದುಕೊಂಡು. ತೊಂಬತ್ತು ದಾಟಿತು. ನೂರು ದಾಟಿದ ಮೇಲೆ ಹಣೆಯಲ್ಲಿ ಬೆವರು ಕಂಡಿತು.

"ಅವ್ರು ಕಾಯ್ತಾವ್ರೆ ಕಣವ್ವ. ಐತೋ ಇಲ್ಲೋ, ಒಂದ್ ಮಾತ್ ಏಳು."

"ಮಾವ" ಎಂದೆ.

ಸ್ಪಂದನಾ ಎಣಿಸುವುದನ್ನು ನಿಲ್ಲಿಸಿ ಕಾದಳು.

"ಮಾವ, ಆಮೇಲೆ ಮಾಡ್ತೀನಿ" ಎಂದು ಫೋನ್ ಇಟ್ಟೆ.

ಅವಳು ಡ್ರಮ್ಮಿನ ಕಡೆ ಮುಖ ತಿರುಗಿಸಿದಳು. ಆಮೇಲೆ ಬಿಟ್ಟಲ್ಲಿಂದ ಮುಂದುವರಿಸಿದಳು. ನಾನು ಒಳಗೆ ಹೋಗಿ ಟವೆಲ್ ತಂದೆ. ಕೊಬ್ಬರಿ ಎಣ್ಣೆಯ ಬಾಟಲಿ ತಂದೆ. ಹಾಲು ಬಿಸಿಗಿಟ್ಟು ಬಂದೆ. ಇನ್ನೂರು. ಇನ್ನೂರ ಐವತ್ತು. ಅವಳ ಪಕ್ಕದಲ್ಲಿ ಟವೆಲ್ ಬಿಡಿಸಿ ಹಿಡಿದು ನಿಂತೆ. ಕೊನೆಯ ಹತ್ತನ್ನು ಅವಳ ಜೊತೆ ನಾನೂ ಎಣಿಸಿದೆ.

"ಮುನ್ನೂರು. ಆಯ್ತು ಪುಟ್ಟಿ, ತೆಗಿ."

ಅವಳು ಕೈ ತೆಗೆಯಲಿಲ್ಲ.

"ಮುನ್ನೂರ ಒಂದು" ಎಂದಳು.